ಬಳೆಗಾರ್ತಿಯ ಉಂಗುರಬೆರಳು

ಮೇಣ ಇನ್ನೂ ಪೂರ್ತಿ ಕರಗಿರಲಿಲ್ಲ. ಅಷ್ಟರಲ್ಲೇ ಅವರು ಬಂದು ಬೆಂಚಿನ ತುದಿಯಲ್ಲಿ ಕುಳಿತಿದ್ದರು.

ಖಾನಾಪುರದ ನಮ್ಮ ಗುರುವಾರದ ಕ್ಲಿನಿಕ್ ಎಂದರೆ ಸ್ಟೇಷನ್ ರಸ್ತೆಯ ಒಂದು ಹೆಂಚಿನ ಕೋಣೆ. ಎರಡು ಬೆಂಚು, ಒಂದು ಸೀಮೆಎಣ್ಣೆ ಸ್ಟೋವ್, ಅದರ ಮೇಲೆ ನೀರಿನ ಬೋಗುಣಿ, ನೀರಿನೊಳಗೆ ಪ್ಯಾರಾಫಿನ್ ಮೇಣದ ಡಬ್ಬಿ. ಬೆಳಗಾವಿಯ ಆಸ್ಪತ್ರೆಯಿಂದ ವಾರಕ್ಕೊಮ್ಮೆ ಬೆಳಗಿನ ಬಸ್ಸಿಗೆ ಬಂದು, ಲಕ್ವಾ ಹೊಡೆದವರಿಗೆ, ಮೂಳೆ ಕೂಡಿದ ಮೇಲೆ ಕೀಲು ಬಿಗಿದವರಿಗೆ ವ್ಯಾಯಾಮ ಹೇಳಿಕೊಟ್ಟು ಸಂಜೆ ಹಿಂದಿರುಗುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಮೂವತ್ತು ತುಂಬಿರಲಿಲ್ಲ. ನಾನು ಫಿಸಿಯೋಥೆರಪಿಸ್ಟ್, ಡಾಕ್ಟರ್ ಅಲ್ಲ. ಆದರೆ ಅಲ್ಲಿ ಎಲ್ಲರೂ ಡಾಕ್ಟರ್‌ಬಾಯಿ ಎನ್ನುತ್ತಿದ್ದರು, ನಾನು ಒಂದು ದಿನವೂ ತಿದ್ದಲಿಲ್ಲ. ನಾಚಿಕೆಪಡಬೇಕಾದ್ದು ಅಲ್ಲಿಂದಲೇ ಶುರುವಾಗುತ್ತದೆ.

ಬಂದವರು ನಲವತ್ತೈದರ ಆಸುಪಾಸಿನ ಹೆಂಗಸು. ದಾರಕ್ಕೆ ಪೋಣಿಸಿದ ಗಾಜಿನ ಬಳೆಗಳ ಮಲಾರವನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ತಲೆತಲಾಂತರದಿಂದ ಬಳೆ ತೊಡಿಸುತ್ತ ಬಂದ ಮುಸಲ್ಮಾನರ ಮನೆ ಅವರದು. ಮನೆಯಲ್ಲಿ ದಖ್ಖನಿ, ಗಿರಾಕಿಗಳ ಪಡಸಾಲೆಯಲ್ಲಿ ಅವರವರ ಮಾತು, ಕನ್ನಡವಾದರೆ ಕನ್ನಡ, ಮರಾಠಿಯಾದರೆ ಮರಾಠಿ. ಊರೆಲ್ಲ ಅವರನ್ನು ಚಾಚಿ ಎನ್ನುತ್ತಿತ್ತು. ನಮ್ಮ ಕ್ಲಿನಿಕ್ಕಿನ ಆಯಾಬಾಯಿ ನಂದಗಡದವಳು. ಅವಳ ಮದುವೆಯ ಹಸಿರು ಬಳೆ ಇಟ್ಟದ್ದೂ ಇದೇ ಚಾಚಿಯೇ ಅಂತ ಅವಳೇ ಹೆಮ್ಮೆಯಿಂದ ಹೇಳಿ ನನ್ನ ಮುಂದೆ ಕೂರಿಸಿದಳು.

ಚಾಚಿಯ ತಕರಾರು ಎಡಗೈಯ ಉಂಗುರಬೆರಳಿನದು. ಬೆಳಿಗ್ಗೆ ಏಳುವಾಗ ಅದು ಅಂಗೈಯೊಳಗೆ ಮಡಚಿಕೊಂಡು ಬಿದ್ದಿರುತ್ತದೆ, ಬಲಗೈಯಿಂದ ಹಿಡಿದು ಎಬ್ಬಿಸಬೇಕು, ಏಳುವಾಗ ಟಕ್ ಅಂತ ಸಪ್ಪಳ ಮಾಡುತ್ತದೆ, ನಡುಗೆಣ್ಣಿನಲ್ಲಿ ಜೀವ ಹೋದಂತೆ ನೋವು. ಹಗಲು ಹೊತ್ತು ಸಲೀಸಾಗಿ ಆಡುತ್ತಿರುತ್ತದೆ, ಕೆಲಸದ ನಡುವೆ ಒಮ್ಮೆಲೇ ಸಿಕ್ಕಿಕೊಳ್ಳುತ್ತದೆ. ಮಡಚಿ ತೋರಿಸಿದರು. ಬೆರಳು ನಿಂತಿತು. ಮಿಕ್ಕ ಮೂರು ಬೆರಳು ತೆರೆದವು, ಅದೊಂದು ಬಾಗಿಯೇ ಇತ್ತು. ಆಮೇಲೆ ಬಂದೂಕಿನ ಕುದುರೆ ಬಿಟ್ಟಂತೆ ಸಿಡಿದು ನೆಟ್ಟಗಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಟ್ರಿಗರ್ ಫಿಂಗರ್ ಎಂದು ಹೆಸರು ಬಂದದ್ದೇ ಹಾಗೆ.

ಬಳೆ ಏರಿಸುವುದು ಬಲಗೈ ಎಂದು ನೋಡುವವರಿಗೆ ಅನಿಸುತ್ತದೆ. ನಿಜವಾದ ಕೆಲಸ ಎಡಗೈಯದು. ಎದುರು ಕೂತವಳ ಕೈಯನ್ನು ಅದು ಹಿಡಿದು, ಹೆಬ್ಬೆರಳ ಬುಡವನ್ನು ಒಳಗೆ ಒತ್ತಿ, ಗೆಣ್ಣುಗಳನ್ನು ಒಂದರೊಳಗೊಂದು ಸೇರಿಸಿ, ಅಷ್ಟು ದೊಡ್ಡ ಕೈಯನ್ನು ಮೊಗ್ಗಿನಷ್ಟು ಮಾಡುತ್ತದೆ. ಆಗ ಬಲಗೈ ಬಳೆಯನ್ನು ಜಾರಿಸುತ್ತದೆ. ಅವರ ಬದುಕು ನಿಂತಿದ್ದದ್ದು ಆ ಎಡಗೈಯ ಹಿಡಿತದ ಮೇಲೆ.

ಅಂಥ ಕೈಯನ್ನು ನಾನು ಹಿಡಿಯಲಿಲ್ಲ.

ಚಾಚಿಯ ಅಂಗೈ ತುಂಬ ಗಾಜಿನ ಗೀರುಗಳಿದ್ದವು. ಎರಡು ಕಡೆ ಅರಿಶಿನ-ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದರು, ಬಟ್ಟೆ ಕಪ್ಪಾಗಿತ್ತು. ಬೆಳಗಾವಿ ಕ್ಯಾಂಪಿನ ಕಾನ್ವೆಂಟ್ ಶಾಲೆಯಲ್ಲಿ ನಮಗೆ ಸೋಮವಾರಕ್ಕೊಮ್ಮೆ ನೇಲ್ ಇನ್‌ಸ್ಪೆಕ್ಷನ್, ಉಗುರಿನ ತಪಾಸಣೆ, ಇರುತ್ತಿತ್ತು. ಸಿಸ್ಟರ್ ಸ್ಕೇಲ್ ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದರು. ಆ ಸ್ಕೇಲ್ ನನ್ನೊಳಗೆ ಎಲ್ಲೋ ಉಳಿದುಕೊಂಡಿತ್ತು ಎಂದು ಕಾಣುತ್ತದೆ. ನಾನು ಒಂದು ತುಂಡು ಬ್ಯಾಂಡೇಜ್ ಬಟ್ಟೆ ಹಿಡಿದು, ಅದರಿಂದ ಅವರ ಬೆರಳ ತುದಿಯನ್ನಷ್ಟೇ ಎತ್ತಿ, ನಡುಗೆಣ್ಣನ್ನು ಆ ಕಡೆ ಈ ಕಡೆ ಆಡಿಸಿ ನೋಡಿದೆ.

ಚಾಚಿ ನನ್ನ ಕೈಯನ್ನೇ ನೋಡುತ್ತಿದ್ದರು.

"ಕೈ ಹಿಡೀದ ಕೈ ಹ್ಯಾಂಗ ನೋಡ್ತೀರಿ, ಬಾಯಿ?" ಎಂದರು. ವ್ಯಂಗ್ಯವಲ್ಲ, ಅವರಿಗೆ ಖರೇನೇ ಆಶ್ಚರ್ಯವಾಗಿತ್ತು. ಆಮೇಲೆ ತಾವೇ ಬಲಗೈ ಹೆಬ್ಬೆರಳನ್ನು ಎಡ ಅಂಗೈಯ ಮೇಲ್ಭಾಗಕ್ಕೆ, ಉಂಗುರಬೆರಳ ಬುಡಕ್ಕೆ ಒತ್ತಿ ತೋರಿಸಿದರು. "ಗೆಣ್ಣಿನ್ಯಾಗಿಲ್ರಿ. ಗಂಟು ಇಲ್ಲೈತಿ. ಕಡ್ಲಿಕಾಳಿನಷ್ಟು. ಬೆರಳು ಮಡಚಿದ್ರ ಇದೂ ಓಡಾಡತೈತಿ."

ನಾನು ನಕ್ಕೆ. ನೋವು ಎಲ್ಲಿದೆಯೋ ರೋಗ ಅಲ್ಲೇ ಇರುತ್ತದೆ ಎಂದು ಹೇಳಿ, ನನಗೆ ಬಹಳ ಚತುರ ಎನಿಸಿದ ಒಂದು ಮಾತನ್ನೂ ಸೇರಿಸಿದೆ: "ಚಾಚಿ, ಬಳಿ ನಿಮಗ ಬಿಟ್ಟೀನಿ. ಬೆರಳು ನನಗ ಬಿಡ್ರಿ."

ಆಯಾಬಾಯಿಯೂ ನಕ್ಕಳು. ಚಾಚಿ ಸಣ್ಣಗೆ ನಕ್ಕು ಮಲಾರದ ಗಂಟು ಸರಿಮಾಡಿಕೊಂಡರು.

ನಾನು ಕೊಟ್ಟ ಟ್ರೀಟ್‌ಮೆಂಟ್ ಹೀಗಿತ್ತು. ಕರಗಿದ ಮೇಣದಲ್ಲಿ ಕೈಯನ್ನು ಆರು ಸಲ ಅದ್ದಿ ತೆಗೆದು, ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಬಿಡುವುದು. ಮನೆಯಲ್ಲಿ ಅಮುಕಲು ಒಂದು ಕೆಂಪು ರಬ್ಬರ್ ಚೆಂಡು. ಬೆಳಿಗ್ಗೆ ನೂರು ಸಲ, ಮಧ್ಯಾಹ್ನ ನೂರು, ಸಂಜೆ ನೂರು. ಹೊರರೋಗಿಗಳ ಕಾರ್ಡಿನಲ್ಲಿ ಅದನ್ನು ಬರೆದು ಅವರ ಕೈಗೇ ಕೊಟ್ಟೆ. ಆಗೆಲ್ಲ ಕಾರ್ಡು ಪೇಷಂಟ್ ಹತ್ತಿರವೇ ಇರುತ್ತಿತ್ತು. ಅದು ದೀಪಾವಳಿ ಮುಗಿದ ವಾರ.

ಈಗ ಗೊತ್ತಿರುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರಲ್ಲಿ ಯಾರಿಗಾದರೂ ಬೆರಳು ಹೀಗೆ ಸಿಕ್ಕಿಕೊಳ್ಳುತ್ತಿದ್ದರೆ ಉಪಯೋಗವಾದೀತು. ಬೆರಳನ್ನು ಮಡಚುವ ಟೆಂಡನ್ ಹಗ್ಗದಂಥ ಒಂದು ನಾರು. ಅದು ಮುಂಗೈಯಿಂದ ಬೆರಳ ತುದಿಯವರೆಗೆ ಹೋಗುವಾಗ ದಾರಿಯಲ್ಲಿ ಸಣ್ಣ ಸಣ್ಣ ಉಂಗುರಗಳೊಳಗಿಂದ ಹಾಯುತ್ತದೆ. ಮೊದಲನೆಯ ಉಂಗುರ ಇರುವುದು ಅಂಗೈಯಲ್ಲಿ, ಬೆರಳ ಬುಡದಲ್ಲಿ. ದಿನವಿಡೀ ಒಂದೇ ಬಗೆಯಲ್ಲಿ ಬಿಗಿಹಿಡಿಯುವವರಿಗೆ ಅಲ್ಲಿ ಬಾವು ಬರುತ್ತದೆ. ಉಂಗುರ ದಪ್ಪವಾಗುತ್ತದೆ, ನಾರಿನ ಮೇಲೆ ಗಂಟು ಏಳುತ್ತದೆ. ಮಡಚುವಾಗ ಹೇಗೋ ಆಚೆ ಹೋದ ಗಂಟು ಮರಳಿ ಬರುವಾಗ ಉಂಗುರದ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ನೋವು ಗೆಣ್ಣಿನಲ್ಲಿ ಕಂಡರೂ ರೋಗ ಅಂಗೈಯದು. ಮೊದಲಿಗೆ ಬೇಕಾದದ್ದು ವಿಶ್ರಾಂತಿ, ಬೆರಳು ಮಡಚದ ಹಾಗೆ ಒಂದು ಪಟ್ಟಿ, ಅದಕ್ಕೂ ಬಗ್ಗದಿದ್ದರೆ ಡಾಕ್ಟರರ ಹತ್ತಿರ ಒಂದು ಇಂಜೆಕ್ಷನ್. ಮಾಡಬಾರದ್ದು ಒಂದೇ: ಅಮುಕುವ ವ್ಯಾಯಾಮ. ನಾನು ಅದನ್ನೇ ದಿನಕ್ಕೆ ಮುನ್ನೂರು ಸಲ ಮಾಡಿಸಿದೆ.

ವಾರ ವಾರಕ್ಕೆ ಬೆರಳು ಕೆಟ್ಟಿತು. ನಾಲ್ಕನೆಯ ಗುರುವಾರದ ಹೊತ್ತಿಗೆ ದಿನಕ್ಕೆ ಹತ್ತು ಸಲ ಸಿಕ್ಕಿಕೊಳ್ಳುತ್ತಿತ್ತು. ಚಾಚಿ ಒಂದು ವಾರವೂ ತಪ್ಪಿಸಲಿಲ್ಲ. ನನಗೆ ಮೊದಲು ಬೇಸರವಾಯಿತು, ಆಮೇಲೆ ಸಿಟ್ಟು ಬಂತು. ಸರಿಹೋಗದ ಪೇಷಂಟ್ ಮೇಲೆ ಸಿಟ್ಟು ಬರುವುದು ನಮ್ಮ ಕಸುಬಿನ ಒಂದು ಗುಟ್ಟಾದ ರೋಗ. ನಾನು ಹೇಳಿದ್ದು ತಪ್ಪಿರಲಾರದು, ಆದ್ದರಿಂದ ಅವರು ಮಾಡುತ್ತಿಲ್ಲ. ಮುಂದಿನ ಸಲ ಚೆಂಡು ತನ್ನಿ ಎಂದೆ.

ಸಂಕ್ರಾಂತಿಗೆ ಮುಂಚಿನ ಗುರುವಾರ ತಂದರು. ನಾನು ಚೆಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಹೊಳೆಯುತ್ತಿತ್ತು. ಒಂದು ಗೀರಿಲ್ಲ, ಬಣ್ಣ ಹೋಗಿಲ್ಲ, ಅಚ್ಚಿನ ಗೆರೆ ಕೂಡ ಸವೆದಿರಲಿಲ್ಲ. ಎರಡು ತಿಂಗಳು ದಿನಕ್ಕೆ ಮುನ್ನೂರು ಸಲ ಅಮುಕಿದ ಚೆಂಡು ಹೀಗಿರುತ್ತದೆಯೇ? ಕೇಳಲಿಲ್ಲ. ಚೆಂಡು ಹಿಂದಕ್ಕೆ ಕೊಟ್ಟು ಕಾರ್ಡು ತೆಗೆದುಕೊಂಡೆ. ಸಹಕರಿಸುತ್ತಿಲ್ಲ, ಹೇಳಿದ ವ್ಯಾಯಾಮ ಮಾಡುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದೆ. ನಾನ್-ಕೋಆಪರೇಟಿವ್ ಎಂಬ ಪದದ ಕೆಳಗೆ ಗೆರೆ ಎಳೆದೆ. ನನ್ನ ಹ್ಯಾಂಡ್‌ರೈಟಿಂಗಿಗೆ ಕಾನ್ವೆಂಟಿನಲ್ಲಿ ಪ್ರೈಜ್ ಬಂದಿತ್ತು. ಆ ಎರಡು ಸಾಲೂ ಬಹಳ ಚೆಂದ ಬಂದಿದ್ದವು.

ಚಾಚಿ ಆಮೇಲೆ ಬರಲಿಲ್ಲ. ನನಗೆ ಹಗುರವೆನಿಸಿತು ಎಂದು ಹೇಳಲು ಈಗಲೂ ನಾಚಿಕೆ.

ಫಾಲ್ಗುಣದಲ್ಲಿ ಒಂದು ಗುರುವಾರ ಆಯಾಬಾಯಿ ಸ್ಟೋವ್ ಹಚ್ಚದೆ ನನ್ನ ಮುಂದೆ ಬಂದು ನಿಂತಳು. "ನಂದಗಡದಾಗ ಚಾಚೀನ ಮದುವಿ ಮನ್ಯಾಗಿಂದ ಎಬ್ಬಿಸಿ ಕಳಿಸಿದ್ರು, ಬಾಯಾರ," ಎಂದಳು.

ಆ ಮದುವೆಗೆ ಅವಳೂ ಹೋಗಿದ್ದಳು. ಅಡತಿ ದಲಾಲಿ ವ್ಯಾಪಾರದ ಲಿಂಗಾಯತರ ಮನೆ, ಮೂರು ತಲೆಮಾರಿನಿಂದ ಅವರಿಗೆ ಬಳೆ ಇಡುವವರು ಚಾಚಿಯ ಮನೆಯವರೇ. ಮದುಮಗಳು ಕೈ ನೀಡಿ ಕೂತಿದ್ದಳು, ಸುತ್ತ ಹೆಂಗಸರು. ನಾಲ್ಕು ಹಸಿರು ಬಳೆ ಸರಾಗವಾಗಿ ಏರಿದವಂತೆ. ಐದನೆಯದು ಗೆಣ್ಣಿನ ಮೇಲೆ ಇರುವಾಗ ಚಾಚಿಯ ಬೆರಳು ಮದುಮಗಳ ಕೈಯ ಕೆಳಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ನೋಡಿದರು. ಅದು ಒಮ್ಮೆಲೇ ಸಿಡಿಯಿತು. ಹಿಡಿದ ಕೈ ಅದುರಿತು, ಎರಡು ಬಳೆ ಒಡೆದವು, ಮದುಮಗಳ ಮಣಿಕಟ್ಟಿನಲ್ಲಿ ರಕ್ತ ಬಂತು. ನಮ್ಮ ಸೀಮೆಯ ಮರಾಠಿ ಮನೆಗಳಲ್ಲಿ ಬಳೆ ಒಡೆಯಿತು ಎಂದು ಬಾಯಲ್ಲಿ ಅನ್ನುವುದು ಕೂಡ ಇಲ್ಲ, ಹೆಚ್ಚಾಯಿತು ಎನ್ನುತ್ತಾರೆ. ಇಲ್ಲಿ ಮದುವೆಯ ಹಸಿರು ಬಳೆಯೇ ಕೈಮೇಲೆ ಒಡೆದಿತ್ತು. ಮನೆಯ ಮುದುಕಿ ಎದ್ದು ಒಳಗೆ ಹೋದರಂತೆ. ಯಾರೂ ಬಯ್ಯಲಿಲ್ಲ. ಚಾಚಿಯನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಉಣ್ಣಲು ಹಾಕಿ, ಕಳಿಸಿಕೊಟ್ಟರು. ಬೆಳಗಾವಿಯಿಂದ ಬೇರೆ ಬಳೆಗಾರನನ್ನು ಕರೆಸಿದರು. ಗುಂಜಿಯಲ್ಲಿ ಒಂದು ಮನೆ, ಖಾನಾಪುರದಲ್ಲೇ ಎರಡು ಮನೆ ಆಗಲೇ ಚಾಚಿಗೆ ಹೇಳಿಕಳಿಸಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದವು.

"ಚಾಚಿ ಬೆಳಗಾಂವಿಗೂ ಹೋಗಿದ್ರು ಪಾಪ, ದೊಡ್ಡ ಡಾಕ್ಟರ್ ಕಡೆ," ಎಂದಳು ಆಯಾಬಾಯಿ. "ನಿಮ್ಮ ಕಾರ್ಡ್ ನೋಡಿ ಹೊಳ್ಳಿ ಕಳಿಸಿದ್ರಂತ."

ಅಷ್ಟು ಹೇಳಿ ಸ್ಟೋವಿಗೆ ಗಾಳಿ ಹಾಕತೊಡಗಿದಳು.

ಆ ದಿನ ಸಂಜೆ ಮನೆಗೆ ಹೋದವಳೇ ಟ್ರಂಕ್ ತೆಗೆದು ಮುಂಬಯಿಯಲ್ಲಿ ಓದುವಾಗಿನ ನೋಟ್‌ಬುಕ್ಕುಗಳನ್ನು ಹುಡುಕಿದೆ. ಕೈಯ ರೋಗಗಳ ಪಾಠ ಸಿಕ್ಕಿತು. ಟ್ರಿಗರ್ ಫಿಂಗರ್ ಎಂಬ ಹೆಡ್ಡಿಂಗಿನ ಕೆಳಗೆ ನನ್ನದೇ ಚೆಂದದ ಅಕ್ಷರದಲ್ಲಿ ಇತ್ತು: ರೋಗಿ ಗೆಣ್ಣನ್ನು ತೋರಿಸುತ್ತಾನೆ, ನೀವು ಮರೆಯದೆ ಅಂಗೈಯನ್ನು ಮುಟ್ಟಿ ನೋಡಬೇಕು. ಮರೆಯದೆ ಎಂಬುದರ ಕೆಳಗೂ ಗೆರೆ ಎಳೆದಿದ್ದೆ. ನನ್ನ ರೋಗಿ ಅಂಗೈಯನ್ನೇ ತೋರಿಸಿದ್ದರು. ಗೆಣ್ಣು ಹಿಡಿದುಕೊಂಡು ಕೂತವಳು ನಾನು. ಗೊತ್ತಿಲ್ಲದೆ ಮಾಡಿದ ತಪ್ಪು ಎಂದುಕೊಳ್ಳುವ ಸಮಾಧಾನವೂ ಆಗ ಹೋಯಿತು.

ಮರುದಿನ ರಜೆ ಹಾಕಿ ರೈಲು ಹಿಡಿದೆ. ಅದೊಂದನ್ನು ಮಾತ್ರ ನಾನು ಈ ಕಥೆಯಲ್ಲಿ ತಡಮಾಡದೆ ಮಾಡಿದ್ದು.

ಚಾಚಿಯ ಮನೆ ಮಲಪ್ರಭೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ಚಾಪೆಯ ಮೇಲೆ ಕೂತು ಒಂದೇ ಕೈಯಿಂದ ಬಳೆಗಳನ್ನು ಅಳತೆಯ ಪ್ರಕಾರ ವಿಂಗಡಿಸುತ್ತಿದ್ದರು. ಎಡಗೈ ಮಡಿಲಲ್ಲಿತ್ತು. ಉಂಗುರಬೆರಳು ಪೂರ್ತಿ ಮಡಚಿಕೊಂಡಿತ್ತು, ಈಗ ಬಲಗೈಯಿಂದ ಎಬ್ಬಿಸಿದರೂ ಏಳುತ್ತಿರಲಿಲ್ಲ. ಆ ಮದುವೆಯ ಮರುದಿನದಿಂದ ಹಾಗೇ ಇದೆ ಎಂದರು. ನನ್ನನ್ನು ಕಂಡು ಅವರಿಗೆ ಸಂತೋಷವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. "ಕುಂದರ್ರಿ, ಗಾಜು ಚುಚ್ಚೀತು, ನೋಡಿ ಕುಂದರ್ರಿ," ಎಂದರು.

ಕುಳಿತು, ಅವರ ಕೈಯನ್ನು ನನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡೆ. ಬೆರಳ ಬುಡಕ್ಕೆ ಹೆಬ್ಬೆರಳು ಒತ್ತಿದೆ. ಅಲ್ಲಿತ್ತು. ಕಡಲೆಕಾಳಿನಷ್ಟು. ಐದು ತಿಂಗಳ ಹಿಂದೆ ಅವರು ಹೆಬ್ಬೆರಳಿಟ್ಟು ತೋರಿಸಿದ್ದ ಅದೇ ಜಾಗ, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಒತ್ತಿದರೆ ಚಾಚಿ ಉಸಿರು ಹಿಡಿದರು.

ಏನಾಗಿದೆ ಎಂದು ಹೇಗೆ ಹೇಳಬೇಕೋ ತೋಚದೆ ಹಗ್ಗ, ಉಂಗುರ ಎಂದು ಏನೇನೋ ಹೇಳಿದೆ. ಚಾಚಿ ಕೇಳುತ್ತ ಕೇಳುತ್ತ ಚಾಪೆಯ ಮೇಲಿಂದ ಎಳೆಮಕ್ಕಳ ಅಳತೆಯ ಒಂದು ಬಳೆ ಎತ್ತಿ, ತಮ್ಮ ಬಲಗೈ ಬೆರಳುಗಳಿಗೆ ತೂರಿಸಿ, ಗೆಣ್ಣಿಗೆ ಬಂದು ಅದು ನಿಂತದ್ದನ್ನು ತೋರಿಸಿದರು.

"ಹಿಂಗೇನ್ರಿ? ಕೈ ದೊಡ್ಡದು, ಬಳಿ ಸಣ್ಣದು?"

"ಹಿಂಗs, ಚಾಚಿ."

ಅವರು ಆ ಬಳೆಯನ್ನು ಬೆರಳುಗಳಿಂದ ಕಳಚಿದರು. "ಬಿಗಿ ಬಳೀನ ಏರಿಸಿ ಇಳಿಸಿ ಮಾಡಿದ್ರ ಕೈ ಮತ್ತಿಷ್ಟು ಬಾತಕೋತೈತ್ರಿ. ನಾವು ಹಂಗ ಮಾಡೂದಿಲ್ಲ. ಅವತ್ತಿಗೆ ಬಿಟ್ಟು ಮರುದಿನ ಬರ್ರಿ ಅಂತೀವಿ." ಆಮೇಲೆ, "ಹಂಗಾದ್ರ ಆ ಚೆಂಡು...?"

"ಇನ್ನ ಚೆಂಡು ಬ್ಯಾಡ," ಎಂದೆ. ಪ್ರಶ್ನೆ ಅದಾಗಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು.

ನಾಳೆಯೇ ಬೆಳಗಾವಿಗೆ ಬನ್ನಿ, ನಮ್ಮ ಆಸ್ಪತ್ರೆಯ ಸರ್ಜನ್‌ಸಾಹೇಬರ ಹತ್ತಿರ ನಾನೇ ಕರೆದೊಯ್ಯುತ್ತೇನೆ ಎಂದೆ. ಅಲ್ಲಿಯವರೆಗೂ ಸರಿಯಾಗಿಯೇ ಇತ್ತು. ಆಮೇಲೆ ಕಾರ್ಡು ಕೇಳಿದೆ. ಹಳೆಯದು ಮಾಸಿರಬೇಕು, ಹೊಸದು ಮಾಡಿಸುತ್ತೇನೆ ಎಂದು ಸುಳ್ಳು ಹೇಳಿದೆ. ಚಾಚಿ ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಕಾರ್ಡು ತಂದರು. ಒಂದು ಮಡಿಕೆ ಕೂಡ ಬಿದ್ದಿರಲಿಲ್ಲ. ಕೊಡುವಾಗ ಒಂದು ಕ್ಷಣ ತಡೆದರು.

"ಇದರಾಗ ಬರದದ್ದು ಹೊಸಾದರಾಗೂ ಬರಬೇಕಲ್ರಿ, ಬಾಯಿ?"

"ಬೇಕಾದಷ್ಟು ಬರೀತೀನಿ," ಎಂದು ಅದನ್ನು ಪರ್ಸಿನೊಳಗೆ ಹಾಕಿಕೊಂಡೆ.

ಹೊಸ ಕಾರ್ಡಿನಲ್ಲಿ ಬರೆದೆ: ವ್ಯಾಯಾಮ ತಪ್ಪದೆ ಮಾಡಿದ್ದಾರೆ, ಗುಣ ಕಂಡಿಲ್ಲ, ಅಂಗೈಯಲ್ಲಿ ಗಂಟು ಕೈಗೆ ಸಿಗುತ್ತದೆ. ವ್ಯಾಯಾಮ ತಪ್ಪದೆ ಮಾಡಿದ್ದಾರೆ ಎನ್ನುವುದು ಅವರ ಮೇಲೆ ನಾನು ಮಾಡುತ್ತಿರುವ ಉಪಕಾರದ ಸುಳ್ಳು ಎಂದೇ ಬರೆಯುವಾಗ ನಂಬಿದ್ದೆ. ಚಿಕಿತ್ಸೆ ತಪ್ಪಿತ್ತು ಎಂದು ಒಪ್ಪಿಕೊಂಡಿದ್ದರೂ, ಆ ಹೊಸ ಚೆಂಡಿನ ವಿಷಯದಲ್ಲಿ ನಾನು ಸರಿ ಎಂದುಕೊಂಡಿದ್ದೆ.

ಸರ್ಜನ್‌ಸಾಹೇಬರು ಒಳ್ಳೆಯವರು, ಕೈ ಚುರುಕು, ನಾಲಿಗೆಯೂ ಚುರುಕು. ಒಮ್ಮೆ ತಮ್ಮ ಮುಂದೆ ಬಂದು ಹೋದ ಹೆಂಗಸು ಎಂದು ಅವರಿಗೆ ನೆನಪಿರಲಿಲ್ಲ, ನಾನು ನೆನಪಿಸಲಿಲ್ಲ. ಮೂತ್ರದ ಸಕ್ಕರೆ ನೋಡಿಸಿದರು, ಇರಲಿಲ್ಲ. ಮೊದಲು ಗಂಟಿನ ಪಕ್ಕಕ್ಕೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ಲಿಂಟ್ ಬಟ್ಟೆ ಸುತ್ತಿದ ಅಲ್ಯುಮಿನಿಯಂ ಪಟ್ಟಿಯನ್ನು ನಾನು ಬಗ್ಗಿಸಿ ಕಟ್ಟಿದೆ. ಮೂರು ವಾರ ಕಾದೆವು. ಮೊದಲೇ ಬಂದಿದ್ದರೆ ಬಹುಶಃ ಅಷ್ಟರಲ್ಲೇ ಮುಗಿಯುತ್ತಿತ್ತು. ನೋವು ಕಡಿಮೆಯಾಯಿತು, ಬೆರಳು ಏಳಲಿಲ್ಲ.

ಆಪರೇಷನ್ ಹದಿನೈದು ನಿಮಿಷದ್ದು. ಕೈಯನ್ನಷ್ಟೇ ಜಡಮಾಡಿ, ಅಂಗೈಯ ಗೆರೆಯ ಗುಂಟ ಬೆರಳಗಲದ ಒಂದು ಕೊಯ್ತ. ಕೊಬ್ಬನ್ನು ಸರಿಸಿ, ಬೆರಳಿನ ಎರಡೂ ಬದಿಯ ಸೂಕ್ಷ್ಮ ನರಗಳನ್ನು ಕೊಕ್ಕೆಯಿಂದ ಪಕ್ಕಕ್ಕೆ ಹಿಡಿದರೆ ನಡುವೆ ಉಂಗುರ ಕಂಡಿತು. ಮುತ್ತಿನಂತೆ ಬೆಳ್ಳಗೆ ಇರಬೇಕಾದ್ದು ದಪ್ಪಗಾಗಿ ಬೂದಿಬಣ್ಣಕ್ಕೆ ತಿರುಗಿತ್ತು. ಸರ್ಜನ್‌ಸಾಹೇಬರು ಅದನ್ನು ಉದ್ದಕ್ಕೆ ಸೀಳಿದರು. ಕೆಳಗೆ ನಾರು, ಅದರ ಮೇಲೆ ಆ ಗಂಟು. ಚಾಚಿಗೆ ಬೆರಳು ಆಡಿಸಲು ಹೇಳಿದರು. ಗಂಟು ಅತ್ತಿತ್ತ ಸಲೀಸಾಗಿ ಓಡಾಡಿತು. ಬೆರಳು ಎದ್ದಿತು. ಮುಕ್ಕಾಲು ಎದ್ದಿತು, ಅಲ್ಲಿಗೆ ನಿಂತಿತು. ಸಾಹೇಬರು ಹಿಡಿದು ಎಳೆದು ನೋಡಿದರು. ವಾರಗಟ್ಟಲೆ ಮಡಚಿಕೊಂಡಿದ್ದ ನಡುಗೆಣ್ಣು ಬಿಗಿದುಬಿಟ್ಟಿತ್ತು. ಅದು ಕತ್ತರಿಯಿಂದ ಆಗುವ ಕೆಲಸವಲ್ಲ.

ಸಾಹೇಬರು ಹೊಲಿಗೆ ಹಾಕುತ್ತ ಜೋರಾಗಿಯೇ ಹೇಳಿದರು. ಸುತ್ತ ನಾಲ್ಕು ಸ್ಟೂಡೆಂಟ್ಸ್ ನಿಂತಿದ್ದರು. "ಇಷ್ಟು ತಡಾ ಮಾಡಿ ಬಂದ್ರ ಹಿಂಗs ಆಗತೈತಿ. ನಿಮ್ಮ ಬೆರಳಿನ ಕಾಳಜಿ ನಿಮಗs ಇಲ್ಲಂದ್ರ ನಾವರೆ ಏನ್ ಮಾಡೋಣು?"

ಚಾಚಿ ಮಲಗಿದ್ದಲ್ಲಿಂದ ತಲೆ ತಿರುಗಿಸಿ ನನ್ನನ್ನು ನೋಡಿದರು. ನಾನು ಬ್ಯಾಂಡೇಜ್ ಸುರುಳಿ ಬಿಚ್ಚುತ್ತಿದ್ದೆ. ಬಿಚ್ಚುತ್ತಲೇ ಇದ್ದೆ. ಬೇಕಾದ್ದಕ್ಕಿಂತ ಒಂದು ಮಾರು ಹೆಚ್ಚು ಬಿಚ್ಚಿದೆ.

ಹೊಲಿಗೆ ಬಿಚ್ಚಿದ ಮೇಲೆ ಎರಡು ತಿಂಗಳು ಆ ಗೆಣ್ಣಿನ ಮೇಲೆ ಕೆಲಸ ಮಾಡಿದೆ. ಮೇಣ ಈಗ ಅದರ ಸರಿಯಾದ ಜಾಗಕ್ಕೆ ಬಿತ್ತು. ಬಿಸಿ ಆರುವ ಮೊದಲು ಬೆರಳನ್ನು ಮೆಲ್ಲಗೆ ನೀಡಿ ಹಿಡಿಯುವುದು, ವಾರಕ್ಕೊಮ್ಮೆ ಪಟ್ಟಿಯನ್ನು ಒಂದೆಳೆಯಷ್ಟು ನೆಟ್ಟಗೆ ಮಾಡಿ ಕಟ್ಟುವುದು. ಪ್ರತಿ ಗುರುವಾರ ಆ ಕೈ ನನ್ನ ಕೈಯಲ್ಲಿ ಇರುತ್ತಿತ್ತು. ಸಿಕ್ಕಿಕೊಳ್ಳುವುದು ಪೂರ್ತಿ ನಿಂತಿತು. ಬೆರಳು ಮಾತ್ರ ಕೊನೆಯವರೆಗೆ ನೆಟ್ಟಗಾಗಲಿಲ್ಲ, ಕೊಕ್ಕೆಯಂತೆ ಸ್ವಲ್ಪ ಬಾಗಿಯೇ ಉಳಿಯಿತು.

ಮಳೆ ಶುರುವಾಗುವ ಹೊತ್ತಿಗೆ ಒಂದು ಗುರುವಾರ, ಪೇಷಂಟುಗಳೆಲ್ಲ ಹೋದ ಮೇಲೆ, ಚಾಚಿ ಬೆಂಚಿನ ಮೇಲೆ ಮಲಾರ ಬಿಚ್ಚಿದರು. ಕೈ ಕೊಡಿ ಎಂದರು. ಮನೆಯ ಹೆಂಗಸರ ಮೇಲೆ ರೂಢಿ ಮಾಡಿಕೊಂಡದ್ದಾಗಿದೆ, ಈಗ ಹೊರಗಿನವರದೊಂದು ಕೈ ಬೇಕಂತೆ. ನಾನು ಬಳೆ ತೊಟ್ಟವಳಲ್ಲ. ಕಾನ್ವೆಂಟಿನಲ್ಲಿ ಬಿಡಲಿಲ್ಲ, ಆಮೇಲೆ ಕೆಲಸಕ್ಕೆ ಅಡ್ಡ. ಬರಿಗೈ ಎಂದು ನಮ್ಮವ್ವ ಗೊಣಗುತ್ತಿದ್ದಳು. ರಿಸ್ಟ್‌ವಾಚ್ ಬಿಚ್ಚಿಟ್ಟು ಕೈ ಚಾಚಿದೆ. ಒಡೆದರೆ ನನ್ನ ಕೈಯ ಮೇಲೆಯೇ ಒಡೆಯಲಿ ಎಂದೂ ಅನಿಸಿತ್ತು.

ಚಾಚಿಯ ಎಡಗೈ ನನ್ನ ಕೈಯನ್ನು ಹಿಡಿಯಿತು. ಹಿಡಿತ ಬದಲಾಗಿತ್ತು. ಬಾಗಿದ ಉಂಗುರಬೆರಳನ್ನು ನನ್ನ ಕಿರುಬೆರಳ ಕೆಳಗೆ ಆನಿಸಿಟ್ಟು, ಮಡಚುವ ಕೆಲಸವನ್ನೆಲ್ಲ ನಡುಬೆರಳಿಗೂ ಹೆಬ್ಬೆರಳಿಗೂ ಕಲಿಸಿದ್ದರು. ನಾನು ಗಟ್ಟಿಹಿಡಿದುಕೊಂಡಿದ್ದೆ.

"ಸಡ್ಲ ಬಿಡ್ರಿ. ಈಗ ಬೆರಳು ನನಗ ಬಿಡ್ರಿ," ಎಂದರು.

ಮೂರು ಬಳೆ ಏರಿದವು. ನಾಲ್ಕನೆಯದನ್ನು ಕೈಗೆ ತೆಗೆದುಕೊಳ್ಳುತ್ತ, ಮುಖ ಎತ್ತದೆ ಕೇಳಿದರು. "ಆ ಹಳೇ ಕಾರ್ಡ್ ಐತೇನ್ರಿ ನಿಮ್ಮ ಕಡೆ?"

ಇದೆ ಎಂದೆ.

"ಬೆಳಗಾಂವದಾಗ ಹೊಳ್ಳಿ ಕಳಿಸಿದ್ರಲ್ಲ, ಅವತ್ತs ಉರ್ದು ಸಾಲಿ ಮಾಸ್ತರ ಕಡೆ ಓದಿಸಿದ್ನಿ. ಈಕಿ ಹೇಳಿದ್ದು ಮಾಡೂದಿಲ್ಲ ಅಂತ ಬರದಾರ ಅಂದ್ರು." ಬಳೆ ಗೆಣ್ಣು ದಾಟಿತು. "ಮಾಡೀನ್ರಿ ಬಾಯಿ. ನೀವು ಕೊಟ್ಟ ಚೆಂಡು ಹರದ ಹೋತು. ಪ್ಯಾಟ್ಯಾಗ ಮತ್ತೊಂದು ತಂದೆ, ಅದೂ ಹರೀತು. ನೀವು ನೋಡಿದ್ದು ಮೂರನೇದು."

ಕೋಣೆಯ ಮೂಲೆಯಲ್ಲಿ ಆಯಾಬಾಯಿ ಮೇಣದ ಡಬ್ಬಿ ಉಜ್ಜುವುದನ್ನು ನಿಲ್ಲಿಸಿದಳು.

"ಸಾರಿ, ಚಾಚಿ," ಎಂದೆ. ನನಗೆ ಮೊದಲು ಬಂದದ್ದು ಅದೇ ಮಾತು. ಸಿಸ್ಟರ್ ಕಲಿಸಿದ್ದು, ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದದ್ದು.

"ಬಸ್ಸಿನ್ಯಾಗ ಕಾಲು ತುಳದವರೂ ಸಾರಿ ಅಂತಾರ್ರಿ," ಎಂದರು ಚಾಚಿ.

ಕೈ ಅವರ ಹಿಡಿತದಲ್ಲಿತ್ತು, ಎಳೆದುಕೊಳ್ಳುವಂತಿರಲಿಲ್ಲ. "ನಂದು ತಪ್ಪಾತ್ರಿ," ಎಂದೆ. "ನೀವು ತೋರಿಸಿದ ಜಾಗಾನ ಖರೇ ಇತ್ತು. ನಾ ನಿಮ್ಮ ಕೈ ಹಿಡೀಲಿಲ್ಲ. ಚೆಂಡು ಯಾಕ ಹೊಸಾದೈತಿ ಅಂತ ಕೇಳಲೂ ಇಲ್ಲ." ಇಷ್ಟು ಸಣ್ಣ ಮಾತು ಬಾಯಿಂದ ಹೊರಡಲು ಅಷ್ಟು ಹೊತ್ತು ಹಿಡಿಯಿತು.

ಚಾಚಿ ಐದನೆಯ ಬಳೆ ಎತ್ತಿಕೊಂಡರು. ಎರಡೂ ಕೈಗೆ ಐದೈದು ಬಳೆ ತೊಡಿಸಿದರು. ಬಳೆ ತೊಟ್ಟವರು ತೊಡಿಸಿದವರಿಗೆ ನಮಸ್ಕಾರ ಮಾಡುವುದು ಪದ್ಧತಿ. ಆಯಾಬಾಯಿ ಸನ್ನೆ ಮಾಡಿದಳು. ನಾನು ಬಾಗಿ ಅವರ ಪಾದ ಮುಟ್ಟಿದೆ. ಮುಟ್ಟಿ ಸ್ವಲ್ಪ ಹೊತ್ತು ಹಾಗೇ ಇದ್ದೆ.

"ಈ ನಮಸ್ಕಾರ ಬಳೀದು," ಎಂದರು ಚಾಚಿ. "ಆ ತಪ್ಪಿಂದು ಇನ್ನೊಂದು ಕೆಲಸ ಉಳದೈತ್ರಿ. ಡಾಕ್ಟರ್ ಸಾಹೇಬರಿಗೆ ಹೇಳ್ರಿ, ತಡಾ ನಾ ಮಾಡಿದ್ದಲ್ಲ ಅಂತ. ಅಷ್ಟು ಮಂದಿ ಮುಂದ ಅಂದ್ರು ಅವರು."

"ಹೇಳ್ತೀನಿ," ಎಂದೆ.

ಮರುದಿನವೇ ಹೇಳಬೇಕಿತ್ತು. ಅವರು ರೌಂಡ್ಸಿನಲ್ಲಿದ್ದರು. ಅದರ ಮರುದಿನ ಅವರ ಮೂಡ್ ಸರಿಯಿರಲಿಲ್ಲ. ತಿಂಗಳ ಕೊನೆಗೆ ಆಸ್ಪತ್ರೆಯ ಕೇಸ್ ಮೀಟಿಂಗಿನಲ್ಲಿ ಅವರೇ ಚಾಚಿಯ ಕೇಸನ್ನು ತೆಗೆದರು. ಬೆರಳಿನ ಫೋಟೋ ತೋರಿಸಿ, ಆಪರೇಷನ್ ಚೆನ್ನಾಗಿಯೇ ಆಗಿದೆ, ಉಳಿದಿರುವ ಊನಕ್ಕೆ ರೋಗಿಯ ನೆಗ್ಲಿಜೆನ್ಸ್ ಕಾರಣ ಎಂದರು. ಪ್ರಶ್ನೆಗಳಿದ್ದರೆ ಕೇಳಿ ಎಂದರು. ನಾನು ಎರಡನೆಯ ಸಾಲಿನಲ್ಲಿದ್ದೆ. ಎದ್ದು ನಿಂತು ತಡ ನನ್ನದು ಎಂದಿದ್ದರೆ ಸಾಕಿತ್ತು. ಕೈ ಅಲುಗಿದರೆ ಬಳೆ ಸಪ್ಪಳವಾಗಿ ಯಾರಾದರೂ ಇತ್ತ ನೋಡಿಯಾರೆಂದು ಎರಡೂ ಕೈಗಳನ್ನು ಸೆರಗಿನೊಳಗೆ ಒತ್ತಿ ಹಿಡಿದುಕೊಂಡು ಕೂತಿದ್ದೆ. ಆಮೇಲೆ ಎಂಬತ್ತರ ದಶಕದಲ್ಲಿ ಎಷ್ಟೋ ವರ್ಷ ಅದೇ ಸಾಹೇಬರ ಕೈಕೆಳಗೆ ಕೆಲಸ ಮಾಡಿದೆ. ಅವರು ರಿಟೈರ್ ಆದ ದಿನ ಮಾಲೆ ಹಾಕಿದವಳೂ ನಾನೇ. ಹೇಳಲಿಲ್ಲ. ಈಗ ಅವರಿಲ್ಲ. ಆ ಹಳೆಯ ಕಾರ್ಡು ಕಾನ್ವೆಂಟಿನ ದಿನಗಳ ನನ್ನ ಬೈಬಲ್ ಕ್ಲಾಸಿನ ಪುಸ್ತಕದೊಳಗೆ ಇದೆ.

ಆ ಮೀಟಿಂಗಿನ ನಂತರದ ಗುರುವಾರ ಚಾಚಿ ದಾರಿಯಲ್ಲೇ ಸಿಕ್ಕರು. ಗುಂಜಿಯ ಆ ಮನೆಯವರು ಸೀಮಂತಕ್ಕೆ ಮತ್ತೆ ಕರೆಸಿದ್ದಾರೆ, ಸ್ಟೇಷನ್ನಿಗೆ ಹೊರಟಿದ್ದೇನೆ ಎಂದರು. ಹೆಗಲ ಮೇಲೆ ಮಲಾರ ಇತ್ತು.

"ಹೇಳಿದ್ರೇನ್ರಿ ಸಾಹೇಬರಿಗೆ?"

"ಹೂಂ," ಎಂದೆ.

ಅವರ ಮುಖ ಅರಳಿತು. ನನ್ನ ಕೈಯನ್ನು ರಸ್ತೆಯಲ್ಲೇ ತೆಗೆದುಕೊಂಡು, ಆ ಬಾಗಿದ ಬೆರಳಿನಿಂದ ಬಳೆಗಳನ್ನು ಒಂದೊಂದಾಗಿ ಸರಿಸಿ ನೋಡಿದರು.

"ಒಂದೂ ಹೋಗಿಲ್ಲ ನೋಡ್ರಿ," ಎಂದರು.